ಕಲೆ ತೆಗೆಯಲು ಹೋಗಿ ಕಲ್ಲೇ ತೆಗೆದೆ: ಅಡುಗೆ ಸೋಡಾ, ವಿನೆಗರ್ ಎಲ್ಲಿ ಸರಿ, ಎಲ್ಲಿ ತಪ್ಪು

ಹೋದ ವರ್ಷ ಯುಗಾದಿಗೆ ಮೂರು ದಿನ ಇತ್ತು. ಮನೆ ಸ್ವಚ್ಛ ಮಾಡೋ ಗಡಿಬಿಡಿ. ಮೊಬೈಲ್ ತೆರೆದರೆ ಒಂದು ನಿಮಿಷದ ವಿಡಿಯೊ: ಕಲೆಯ ಮೇಲೆ ಅಡುಗೆ ಸೋಡಾ ಉದುರಿಸಿ, ಮೇಲೆ ವಿನೆಗರ್ ಸುರಿಯಿರಿ, ಬುಸ್ ಅಂತ ನೊರೆ ಬರುತ್ತದೆ, ಒರೆಸಿದರೆ ಫಳಫಳ. ನೀವೂ ಇಂಥದ್ದು ಹತ್ತಾರು ನೋಡಿರುತ್ತೀರಿ.

ಕೆಂಭಾವಿಯ ನಮ್ಮ ಮನೆಯ ಪಡಸಾಲೆಗೆ ಹಳೇ ಶಹಾಬಾದ್ ಪರಸಿ ಹಾಕಿದ್ದಾರೆ. ನೀರಿನ ಕೊಡ ಇಡುವ ಜಾಗದಲ್ಲಿ ವರ್ಷಗಳಿಂದ ಒಂದು ಬಿಳಿ ಉಂಗುರ ಕೂತಿತ್ತು. ವಿಡಿಯೊದಲ್ಲಿ ತೋರಿಸಿದಂತೆ ಸೋಡಾ ಉದುರಿಸಿ ವಿನೆಗರ್ ಸುರಿದೆ. ನೊರೆ ಬಂತು, ಇಳಿಯಿತು, ಕಲೆ ಹಾಗೇ ಇತ್ತು. ಸಿಟ್ಟು ಬಂದು ಉಳಿದ ಅರ್ಧ ಬಾಟಲಿ ವಿನೆಗರನ್ನು ಅಲ್ಲೇ ಸುರಿದು, ಮೋಟರ್ ಚಾಲೂ ಮಾಡಲು ಹೊಲಕ್ಕೆ ಹೋದೆ. ಒಂದು ತಾಸು ಬಿಟ್ಟು ಬಂದರೆ ಕಲೆ ಇಲ್ಲ. ಕಲ್ಲಿನ ಹೊಳಪೂ ಇಲ್ಲ. ಮೊರದಷ್ಟು ಅಗಲ ಜಾಗ ಮಂಕಾಗಿ, ಕೈಯಾಡಿಸಿದರೆ ಮರಳು ಕಾಗದದಂತೆ ಒರಟಾಗಿತ್ತು.

ಅವ್ವ ನೋಡಿ ಹೇಳಿದ್ದು ಒಂದೇ ಮಾತು: "ಕಲೆ ತೆಗಿ ಅಂದ್ರ ಕಲ್ಲೇ ತೆಗದಿಯಲ್ಲೋ!"

ತೋಟಗಾರಿಕೆ ಪದವಿ ಓದಿದವನು ನಾನು. ಮಣ್ಣಿನ ಮೇಲೆ ಆಮ್ಲದ ಹನಿ ಹಾಕಿ, ಗುಳ್ಳೆ ಬಂದರೆ ಸುಣ್ಣ ಇದೆ ಅಂತ ಪ್ರಯೋಗಾಲಯದಲ್ಲಿ ಬರೆದುಕೊಂಡವನು. ಆದರೂ ಮನೆಯ ನೆಲದ ಮುಂದೆ ಆ ಪಾಠ ನೆನಪಾಗಲಿಲ್ಲ. ಅದಕ್ಕೇ ಈ ವಾರ ಬೆಳೆ ಬಿಟ್ಟು ಮನೆಯ ಮಾತು.

ನೊರೆ ಬಂದರೆ ಕೆಲಸ ಆಯ್ತು ಅಂತಲ್ಲ

ವಿನೆಗರ್ ಅಂದರೆ ಹುಳಿ. ಅದರಲ್ಲಿ ಅಸಿಟಿಕ್ ಆಮ್ಲ ಸಾಮಾನ್ಯವಾಗಿ ಶೇ. 4ರಿಂದ 5ರಷ್ಟು ಇರುತ್ತದೆ, ಉಳಿದದ್ದು ನೀರು. ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್, ಸೌಮ್ಯ ಕ್ಷಾರ. ಎರಡನ್ನೂ ಕೂಡಿಸಿದರೆ ಒಂದರ ಶಕ್ತಿಯನ್ನು ಇನ್ನೊಂದು ಕೊಲ್ಲುತ್ತದೆ. ಹೊರಗೆ ಹೋಗುವ ನೊರೆ ಇಂಗಾಲದ ಡೈಆಕ್ಸೈಡ್. ಕೆಳಗೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪು ಕರಗಿದ ನೀರು. ಅದಕ್ಕೆ ಜಿಡ್ಡು ತೆಗೆಯುವ ತಾಕತ್ತೂ ಇಲ್ಲ, ಸುಣ್ಣ ಕರಗಿಸುವ ತಾಕತ್ತೂ ಇಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಚಮಚ, ಅಂದರೆ ಸುಮಾರು 5 ಗ್ರಾಂ ಸೋಡಾ, ಶೇ. 5ರ ವಿನೆಗರ್ ಸುಮಾರು 70 ಮಿಲಿ ಲೀಟರ್‌ನಲ್ಲಿರುವ ಹುಳಿಯನ್ನು ಪೂರ್ತಿ ಸತ್ತಂತೆ ಮಾಡುತ್ತದೆ. ವಿಡಿಯೊದಲ್ಲಿ ನೊರೆ ಜೋರಾಗಿ ಬಂದಷ್ಟೂ ನಿಮ್ಮ ರೊಕ್ಕ ಗಾಳಿಗೆ ಹೋಗುತ್ತಿದೆ ಅಂತ ತಿಳಿಯಿರಿ. ಮೋರಿಯಲ್ಲಿ ಸಿಕ್ಕ ಸಣ್ಣ ಕಸವನ್ನು ನೊರೆ ಸ್ವಲ್ಪ ಅಲುಗಾಡಿಸಬಹುದು, ಅಷ್ಟೇ.

ಇನ್ನೊಂದು ಎಚ್ಚರ: ಎರಡನ್ನೂ ಬೆರೆಸಿ ಬಾಟಲಿಯಲ್ಲಿ ತುಂಬಿ ಮುಚ್ಚಳ ಹಾಕಿ ಇಡಬೇಡಿ. ಗಾಳಿ ಒತ್ತಿ ಬಾಟಲಿ ಒಡೆಯುತ್ತದೆ.

ಕೊಡದ ಬಿಳಿ, ನೆಲದ ಪರಸಿ: ಎರಡೂ ಒಂದೇ

ನಮ್ಮ ಭಾಗದಲ್ಲಿ ಕಾಲುವೆ ನೀರು ಹೊಲಕ್ಕೆ ಬಂದರೂ ಬಹಳ ಮನೆಗಳಲ್ಲಿ ಬಳಸುವುದು ಬೋರ್‌ವೆಲ್ ನೀರನ್ನೇ. ಅದು ಗಡಸು ನೀರು. ಕಾಯಿಸಿದಾಗ, ಆರಿದಾಗ ಅದರಲ್ಲಿ ಕರಗಿದ ಸುಣ್ಣ ಹೊರಗೆ ಬಂದು ಗಟ್ಟಿಯಾಗುತ್ತದೆ. ಕೊಡದ ಒಳಗಿನ ಬಿಳಿ ಪದರು, ನೀರು ಕಾಯಿಸುವ ರಾಡ್ ಮೇಲಿನ ಹೊಪ್ಪಳಿಕೆ, ನಲ್ಲಿಯ ಬಾಯಿ ಕಟ್ಟುವ ಪುಡಿ, ಬೇಸಿಗೆಯಲ್ಲಿ ಕೂಲರ್ ಪಂಪಿಗೆ ಅಂಟುವ ಗಾರೆ, ಇವೆಲ್ಲ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಇದನ್ನು ಹುಳಿ ಕರಗಿಸುತ್ತದೆ. ಲೆಕ್ಕದ ಪ್ರಕಾರ ಶೇ. 5ರ ಒಂದು ಲೀಟರ್ ವಿನೆಗರ್ ಸುಮಾರು 40 ಗ್ರಾಂ ಸುಣ್ಣವನ್ನು ಕರಗಿಸಬಲ್ಲದು.

ಈಗ ಕಾಲ ಕೆಳಗೆ ನೋಡಿ. ಶಹಾಬಾದ್ ಪರಸಿ ಅಂದರೆ ಸುಣ್ಣಕಲ್ಲು. ಅದೇ ಬಗೆಯ ಕಲ್ಲನ್ನು ಅರೆದು, ಸುಟ್ಟು ವಾಡಿ, ಸೇಡಂ ಕಡೆಯ ಕಾರ್ಖಾನೆಗಳು ಸಿಮೆಂಟ್ ಮಾಡುತ್ತವೆ. ಅಡುಗೆಮನೆ ಕಟ್ಟೆಗೆ ಹಾಕುವ ಕಪ್ಪು ಕಡಪಾ ಕಲ್ಲೂ ಸುಣ್ಣಕಲ್ಲೇ. ದೇವರ ಮನೆಯ ಮಾರ್ಬಲ್ ಕೂಡ ಅದೇ ಜಾತಿ. ಕೊಡದ ಬಿಳಿಯನ್ನು ತಿನ್ನುವ ಹುಳಿ ಪರಸಿಯನ್ನು ಬಿಡುತ್ತದೆಯೇ? ಕೊಡದಲ್ಲಿ ಬೇಡವಾದ ಸುಣ್ಣ ಹೋದರೆ ಕೆಳಗೆ ಸ್ಟೀಲ್ ಉಳಿಯುತ್ತದೆ. ನೆಲದಲ್ಲಿ ಸುಣ್ಣ ಹೋದರೆ ನೆಲವೇ ಹೋಗುತ್ತದೆ.

ನಿಂಬೆಹಣ್ಣು, ಹುಣಸೆಹುಳಿ, ಟಾಯ್ಲೆಟ್ ತೊಳೆಯುವ ಆಸಿಡ್, ಎಲ್ಲಕ್ಕೂ ಈ ಮಾತು ಅನ್ವಯ. ಆಸಿಡ್ ಇನ್ನೂ ಜೋರಾಗಿ ತಿನ್ನುತ್ತದೆ. ಒಮ್ಮೆ ಹೋದ ಹೊಳಪು ಮತ್ತೆ ಬರಬೇಕಾದರೆ ಪಾಲಿಷ್ ಮಾಡಿಸುವುದೇ ದಾರಿ. ಪರಸಿಗೆ ದಿನದ ನೀರು, ವಾರಕ್ಕೊಮ್ಮೆ ಸ್ವಲ್ಪ ಸೋಪಿನ ನೀರು ಸಾಕು.

ವಿನೆಗರ್ ಎಲ್ಲಿ ಬಳಸಬೇಕು

ಸುಣ್ಣ ಕಟ್ಟಿದ ಸ್ಟೀಲ್, ಗಾಜು, ಪ್ಲಾಸ್ಟಿಕ್ ಸಾಮಾನಿಗೆ.

1. ಸ್ಟೀಲ್ ಕೊಡ, ಕೆಟಲ್: ಅರ್ಧ ನೀರು, ಅರ್ಧ ವಿನೆಗರ್ ಹಾಕಿ ಬಿಸಿ ಮಾಡಿ, ಅರ್ಧ ತಾಸು ಬಿಡಿ. ಉಜ್ಜಿ, ಎರಡು ಸಲ ತೊಳೆಯಿರಿ.

2. ನೀರು ಕಾಯಿಸುವ ರಾಡ್: ಪ್ಲಗ್ ಕಿತ್ತು ಪೂರ್ತಿ ಆರಿಸಿ. ಪ್ಲಾಸ್ಟಿಕ್ ಡಬ್ಬದಲ್ಲಿ ಬಿಸಿನೀರು, ವಿನೆಗರ್ ಸಮ ಸಮ ಹಾಕಿ ಕಾಯುವ ಭಾಗವನ್ನಷ್ಟೇ ಮುಳುಗಿಸಿ. ಸುಣ್ಣ ದಪ್ಪ ಇದ್ದರೆ ಮರುದಿನ ಇನ್ನೊಮ್ಮೆ ಮಾಡಿ. ಚಾಕುವಿನಿಂದ ಕೆರೆಯಬೇಡಿ.

3. ನಲ್ಲಿ, ಶವರ್ ಬಾಯಿ: ಬಿಚ್ಚಲು ಬಂದರೆ ಬಿಚ್ಚಿ ನೆನೆಸಿ. ಬರದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ವಿನೆಗರ್ ತುಂಬಿ ಕಟ್ಟಿ ಅರ್ಧ ತಾಸು ಬಿಡಿ. ಹನಿ ಪರಸಿ ಮೇಲೆ ಬೀಳದಂತೆ ಕೆಳಗೆ ಬಕೆಟ್ ಇಡಿ.

4. ಕೂಲರ್: ಪಂಪನ್ನು ಬಿಚ್ಚಿ, ವೈರ್ ನೆನೆಯದಂತೆ ತೊಳೆಯಿರಿ. ತಗಡಿನ ಕೂಲರ್ ಆದರೆ ಒಳಗಿನ ತೊಟ್ಟಿಗೆ ವಿನೆಗರ್ ಬೇಡ. ತಗಡಿಗೆ ಹಚ್ಚಿದ ಸತುವಿನ ಲೇಪನವನ್ನು ಹುಳಿ ತಿಂದು, ತುಕ್ಕು ಬೇಗ ಹತ್ತುತ್ತದೆ.

ವಿನೆಗರ್ ತುಟ್ಟಿ ಅನಿಸಿದರೆ ಕಿರಾಣಿಯಲ್ಲಿ ನಿಂಬೆ ಉಪ್ಪು ಕೇಳಿ. ಅದು ಸಿಟ್ರಿಕ್ ಆಮ್ಲ. ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಹಾಕಿದರೆ ಅದೇ ಕೆಲಸ ಆಗುತ್ತದೆ, ವಾಸನೆಯೂ ಇಲ್ಲ. ತಾಮ್ರ, ಹಿತ್ತಾಳೆಗೆ ಅವ್ವಂದಿರ ಹುಣಸೆಹಣ್ಣು ಈಗಲೂ ಸಾಕು.

ಒಂದು ಮಾತು ನೆನಪಿರಲಿ: ಕೊಡದ ಬಿಳಿ ಹೋಯಿತು ಅಂದರೆ ನೀರು ಶುದ್ಧ ಆಯಿತು ಅಂತಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಲೇಬೇಕು.

ಸೋಡಾ ಎಲ್ಲಿ ಬಳಸಬೇಕು

ತೆಳು ಜಿಡ್ಡು, ಚಹಾ ಕಲೆ, ವಾಸನೆ, ಹೊತ್ತಿದ ಅಡಿ, ಇವಕ್ಕೆ ಸೋಡಾ. ಹೊತ್ತಿದ ಸ್ಟೀಲ್ ಪಾತ್ರೆಗೆ ನೀರು ಹಾಕಿ, ಎರಡು ಚಮಚ ಸೋಡಾ ಸೇರಿಸಿ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಉಜ್ಜಿ. ಬುತ್ತಿ ಡಬ್ಬಿ, ಥರ್ಮಾಸ್ ವಾಸನೆ ಹೊಡೆದರೆ ಸೋಡಾ ನೀರು ತುಂಬಿ ರಾತ್ರಿಯಿಡೀ ಬಿಡಿ. ಗ್ಯಾಸ್ ಒಲೆಯ ಮೇಲಿನ ಎಣ್ಣೆಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಗಂಜಿಯಂತೆ ಕಲಸಿ ಹಚ್ಚಿ, ಒರೆಸಿ.

ಅಲ್ಯೂಮಿನಿಯಂ ಪಾತ್ರೆಗೆ ಬೇಡ, ಕಪ್ಪಾಗುತ್ತದೆ. ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಅಂಗಡಿಯಲ್ಲಿ ಬರೀ "ಸೋಡಾ ಕೊಡ್ರಿ" ಅಂದರೆ ಬಟ್ಟೆ ಸೋಡಾ ಕೊಟ್ಟಾರು. ಎರಡೂ ಬಿಳಿ ಪುಡಿ. ಅಡುಗೆ ಸೋಡಾ ನೀರಿನ ಪಿಎಚ್ ಸುಮಾರು 8.3, ಬಟ್ಟೆ ಸೋಡಾದ್ದು 11ರ ಸುಮಾರು. ಕೈ ಸುಡುತ್ತದೆ, ಬಾಯಿಗೆ ಹೋದರೆ ಅನಾಹುತ. ಮನೆಗೆ ತಂದ ತಕ್ಷಣ ಡಬ್ಬಿ ಮೇಲೆ ಹೆಸರು ಬರೆಯಿರಿ. ಖಾಲಿ ಔಷಧಿ ಬಾಟಲಿಯಲ್ಲಿ ವಿನೆಗರ್ ತುಂಬಿಡುವ ಕೆಲಸ ಯಾವತ್ತೂ ಬೇಡ.

ಇದನ್ನು ಮಾತ್ರ ಮರೀಬ್ಯಾಡ್ರಿ

ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರವದ ಜೊತೆ ವಿನೆಗರ್, ನಿಂಬೆ ಉಪ್ಪು, ಟಾಯ್ಲೆಟ್ ಆಸಿಡ್, ಯಾವುದನ್ನೂ ಕೂಡಿಸಬೇಡಿ. ಕ್ಲೋರಿನ್ ವಿಷಗಾಳಿ ಹೊರಡುತ್ತದೆ. ನಮ್ಮ ಬಚ್ಚಲುಗಳು ಚಿಕ್ಕವು, ಕಿಟಕಿ ಕೈಯಗಲ. ಬಾಗಿಲು ಹಾಕಿಕೊಂಡು ತೊಳೆಯುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಕಣ್ಣುರಿ, ಕೆಮ್ಮು, ಎದೆ ಹಿಡಿದಂತೆ ಆದರೆ ಎಲ್ಲ ಬಿಟ್ಟು ಬಯಲಿಗೆ ಬನ್ನಿ. ಉಸಿರಾಟ ಸರಿಹೋಗದಿದ್ದರೆ ಆಸ್ಪತ್ರೆಗೆ ಹೋಗಿ. ಒಂದು ದಿನಕ್ಕೆ ಒಂದೇ ತೊಳೆಯುವ ವಸ್ತು ಅಂತ ರೂಢಿ ಮಾಡಿಕೊಂಡರೆ ಈ ಅಪಾಯವೇ ಇಲ್ಲ.

ತರಕಾರಿ ತೊಳೆಯಲು?

ಇದನ್ನು ಕೇಳುವವರು ಬಹಳ. ಅಮೆರಿಕದ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಸೇಬಿನ ಮೇಲೆ ಪ್ರಯೋಗ ಮಾಡಿದ್ದರು. ಶೇ. 1ರ ಸೋಡಾ ನೀರು, ಅಂದರೆ ಲೀಟರಿಗೆ 10 ಗ್ರಾಂ. ಸಿಪ್ಪೆಯ ಮೇಲಿದ್ದ ಎರಡು ಔಷಧಿಗಳು ಪೂರ್ತಿ ಹೋಗಲು 12ರಿಂದ 15 ನಿಮಿಷ ಬೇಕಾಯಿತು. ಆದರೆ ಅವುಗಳಲ್ಲಿ ಒಂದಾದ ಥಯಾಬೆಂಡಜೋಲ್ ಶೇ. 20ರಷ್ಟು ಅಷ್ಟೊತ್ತಿಗೆ ಸಿಪ್ಪೆಯ ಒಳಗೆ ಇಳಿದಿತ್ತು. ಅದನ್ನು ತೊಳೆದು ತೆಗೆಯಲು ಆಗಲಿಲ್ಲ.

ಇದು ಸೇಬು ಮತ್ತು ಎರಡೇ ಔಷಧಿಗಳ ಲೆಕ್ಕ. ನಮ್ಮ ಮೆಣಸಿನಕಾಯಿ, ಬದನೆಗೆ ಹಾಗೇ ಹಚ್ಚಲು ಬರುವುದಿಲ್ಲ. ಆದರೆ ಬೆಳೆಯುವವರಿಗೆ ಅದರಲ್ಲಿ ಪಾಠ ಇದೆ: ಗಿಡದೊಳಗೆ ಇಳಿಯುವ ಔಷಧಿ ಹೊಡೆದು ಮರುದಿನವೇ ಕೊಯ್ದರೆ, ತಿನ್ನುವವರ ಮನೆಯ ಸೋಡಾ ಅದನ್ನು ಸರಿಮಾಡಲಾರದು. ಲೇಬಲ್ ಮೇಲೆ ಬರೆದಷ್ಟು ದಿನ ಕಾಯುವುದು ನಮ್ಮ ಕೈಯಲ್ಲಿರುವ ಕೆಲಸ.

ತೊಳೆದ ನೀರು, ಡ್ರಿಪ್, ಹೊಲದ ಮಣ್ಣು

ಸೋಡಾ ನೀರನ್ನು ದಿನಾ ಹಿತ್ತಲ ಗಿಡಕ್ಕೆ ಸುರಿಯಬೇಡಿ. ಅಡುಗೆ ಸೋಡಾದ ತೂಕದಲ್ಲಿ ಶೇ. 27ರಷ್ಟು ಸೋಡಿಯಂ ಇರುತ್ತದೆ. ಕಪ್ಪು ಮಣ್ಣಿನಲ್ಲಿ ಸೋಡಿಯಂ ಹೆಚ್ಚಾದರೆ ಕಣಗಳು ಬಿಡಿಯಾಗಿ ರಂಧ್ರ ಮುಚ್ಚಿ, ನೀರು ಇಂಗದಂತಾಗುತ್ತದೆ. ಕಾಲುವೆ ಕೆಳಗಿನ ಹೊಲಗಳು ಸವಳಾಗುವುದನ್ನು ನಾವು ಕಣ್ಣಾರೆ ಕಂಡವರು. ಹಿತ್ತಲನ್ನೂ ಆ ದಾರಿಗೆ ಹಚ್ಚುವುದು ಬೇಡ.

ಡ್ರಿಪ್‌ನ ಬಾಯಿ ಕಟ್ಟುವುದೂ ಇದೇ ಸುಣ್ಣದಿಂದ. ಹಿತ್ತಲ ಡ್ರಿಪ್‌ನ ಬಿಚ್ಚಲು ಬರುವ ಡ್ರಿಪ್ಪರ್‌ಗಳನ್ನು ವಿನೆಗರ್‌ನಲ್ಲಿ ರಾತ್ರಿ ನೆನೆಸಿ ತೊಳೆದರೆ ಹನಿ ಮತ್ತೆ ಬೀಳುತ್ತದೆ. ಎಕರೆಗಟ್ಟಲೆ ಲ್ಯಾಟರಲ್‌ಗೆ ವಿನೆಗರ್ ದುಬಾರಿ, ಶಕ್ತಿಯೂ ಸಾಲದು. ಅದಕ್ಕೆ ಆಮ್ಲ ಉಪಚಾರ ಬೇರೆ ಇದೆ. ತಿಳಿದವರನ್ನು ಜೊತೆಗಿಟ್ಟುಕೊಂಡೇ ಮಾಡಿ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು.

ಒಂದು ಹನಿಯ ಪರೀಕ್ಷೆ

ಈ ಭಾನುವಾರ ಒಂದು ಚಮಚ ವಿನೆಗರ್ ತಗೊಳ್ಳಿ. ಮೂಲೆಯಲ್ಲಿ ಉಳಿದ ಒಡಕು ಪರಸಿ ಚೂರಿನ ಮೇಲೆ ಗೀಚಿ, ಒಂದು ಹನಿ ಬಿಡಿ. ಸಣ್ಣ ಗುಳ್ಳೆ ಎದ್ದರೆ ಆ ನೆಲಕ್ಕೆ ಹುಳಿ ಬೇಡ ಅಂತ ಅರ್ಥ. ಉಳಿದದ್ದನ್ನು ಹೊಲದಿಂದ ತಂದ ಒಣ ಮಣ್ಣಿನ ಹೆಂಟೆಯ ಮೇಲೆ ಬಿಟ್ಟು, ಕಿವಿ ಹತ್ತಿರ ಹಿಡಿಯಿರಿ. ಚುರ್ ಅಂದರೆ ಮಣ್ಣಿನಲ್ಲಿ ಬಿಡಿ ಸುಣ್ಣ ಇದೆ. ನಿಂಬೆ, ಪೇರಲ ಗಿಡದ ಎಳೆ ಎಲೆ ನರ ಹಸಿರಾಗಿ ಉಳಿದು ನಡುವೆ ಹಳದಿ ಆಗುತ್ತಿದ್ದರೆ, ಕಬ್ಬಿಣ ಅಥವಾ ಸತು ಗಿಡಕ್ಕೆ ಸಿಗುತ್ತಿಲ್ಲವೇ ಅಂತ ಯೋಚಿಸಲು ಅದೊಂದು ಸುಳಿವು. ಗೊಬ್ಬರ ಕೊಳ್ಳುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ನಮ್ಮ ಪಡಸಾಲೆಯ ಮಂಕು ಜಾಗ ಈಗಲೂ ಹಾಗೇ ಇದೆ. ಅವ್ವ ಅದರ ಮೇಲೆ ಕೊಡ ಇಟ್ಟು ಮುಚ್ಚಿದ್ದಾಳೆ. ಯಾರಾದರೂ ಕೇಳಿದರೆ ಮಾತ್ರ ಕೊಡ ಸರಿಸಿ ತೋರಿಸುತ್ತಾಳೆ: "ನೋಡ್ರಿ, ಓದಿದವ್ರು ಮಾಡಿದ ಕೆಲಸ."