ಹೊಸ ವಿಂಡೋಸ್ ಹಾಕಿಸಿದರೆ ಹಳೆಯ ಫೋಟೊಗಳ ಗತಿಯೇನು?

ಪ್ರಶ್ನೆ: ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ, ಫೋಟೊಗಳೆಲ್ಲ ಪಿಕಾಸಾ ಎಂಬ ಫೋಟೊ ತಂತ್ರಾಂಶದಲ್ಲಿವೆ. ವಿಂಡೋಸ್ 11 ಹಾಕಿಸಿದರೆ ಅವು ಅಳಿಸಿಹೋಗುತ್ತವೆಯೇ?

ಉತ್ತರ: ಫೋಟೊಗಳಿಗಿಂತ ಹೆಚ್ಚು ಅಪಾಯವಿರುವುದು ಅವುಗಳ ಮೇಲೆ ನೀವು ಮಾಡಿದ ಕೆಲಸಕ್ಕೆ. ಫೋಟೊಗಳು ಪಿಕಾಸಾದ ಒಳಗಿಲ್ಲ, ಡಿಸ್ಕಿನ ಫೋಲ್ಡರುಗಳಲ್ಲಿವೆ. ಪಿಕಾಸಾ ಅವನ್ನು ತೋರಿಸುತ್ತದೆ ಅಷ್ಟೆ. ನೀವು ಬಣ್ಣ ತಿದ್ದಿದಾಗ ಅದು ಮೂಲ ಚಿತ್ರವನ್ನು ಮುಟ್ಟುವುದಿಲ್ಲ. ಏನು ತಿದ್ದಿದಿರಿ ಎಂಬುದನ್ನು ಅದೇ ಫೋಲ್ಡರಿನಲ್ಲಿ ‘.ಪಿಕಾಸಾ.ಐಎನ್‌ಐ’ ಎಂಬ ಪುಟ್ಟ ಕಡತದಲ್ಲಿ ಬರೆದಿಡುತ್ತದೆ. ಬೇರೆ ತಂತ್ರಾಂಶಗಳು ಸಾಮಾನ್ಯವಾಗಿ ಅದನ್ನು ಓದುವುದಿಲ್ಲ. ಆದ್ದರಿಂದ ಮೊದಲು ‘ಸೇವ್’ ಒತ್ತಿ ತಿದ್ದುಪಡಿಗಳನ್ನು ಚಿತ್ರಕ್ಕೇ ಸೇರಿಸಿ. ಮೂಲ ಪ್ರತಿಯನ್ನು ಪಿಕಾಸಾ ಮರೆಯಾಗಿರುವ ಒಂದು ಫೋಲ್ಡರಿನಲ್ಲಿ ಉಳಿಸುತ್ತದೆ. ಮುಖಗಳಿಗೆ ಕೊಟ್ಟ ಹೆಸರುಗಳನ್ನೂ ಫೋಟೊದೊಳಗೆ ಬರೆಸುವ ಆಯ್ಕೆ 3.9ನೇ ಆವೃತ್ತಿಯಲ್ಲಿದೆ. ಬಳಿಕ ಮರೆಯಾಗಿರುವ ಕಡತಗಳೂ ಸೇರಿದಂತೆ ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ. ಅಪ್‌ಗ್ರೇಡ್ ಅರ್ಧಕ್ಕೆ ಕೆಟ್ಟರೆ ಕೈಹಿಡಿಯುವುದು ಆ ನಕಲೇ.

‘ಈಗಿರುವುದೇ ಚೆನ್ನಾಗಿ ನಡೆಯುತ್ತಿರುವಾಗ ಬದಲಿಸುವುದೇಕೆ?’ ಎಂದು ನೀವು ಕೇಳಬಹುದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಯೋಜನೆಗೆ ಸೇರದ ಕಂಪ್ಯೂಟರಿನಲ್ಲಿ ಹೊಸದಾಗಿ ಕಂಡುಬರುವ ದೋಷಗಳು ಹಾಗೆಯೇ ಉಳಿಯುತ್ತವೆ. ಬ್ಯಾಂಕ್ ವ್ಯವಹಾರವೂ ಅದರಲ್ಲೇ ನಡೆಯುತ್ತಿದ್ದರೆ ಅದು ಸಣ್ಣ ಅಪಾಯವಲ್ಲ. ಪಿಕಾಸಾವನ್ನು ಗೂಗಲ್ 2016ರಲ್ಲೇ ಕೈಬಿಟ್ಟಿದೆ. ಅದು ವಿಂಡೋಸ್ 11ರಲ್ಲಿ ತೆರೆದುಕೊಂಡರೂ ಮುಂದೆ ಕೆಟ್ಟರೆ ದುರಸ್ತಿ ಮಾಡುವವರಿಲ್ಲ. ನಿಮ್ಮ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಘಟಕ ಇದೆಯೇ ಎಂದೂ ನೋಡಿಕೊಳ್ಳಿ, ವಿಂಡೋಸ್ 11 ಅದನ್ನು ಕೇಳುತ್ತದೆ. ತಂತ್ರಾಂಶ ಯಾವುದಾದರೂ ಇರಲಿ, ನೆನಪುಗಳ ವಿವರ ಫೋಟೊದ ಜೊತೆಗೇ ಇರಬೇಕು.