ತ್ರೈರಾಶಿ ಕಟ್ಟಿದ ಕಿರೀಟ

2009ರ ಮೇ 17ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಡೀನ್ಸ್‌ಗೇಟ್ ಬೀದಿಯಲ್ಲಿ, ರಸ್ತೆಯ ಮೇಲೆ ತಾತ್ಕಾಲಿಕವಾಗಿ ಹಾಸಿದ ಟ್ರ್ಯಾಕಿನಲ್ಲಿ ಉಸೇನ್ ಬೋಲ್ಟ್ 150 ಮೀಟರ್ ಓಡಿದರು. ತಿರುವೇ ಇಲ್ಲದ ನೇರ ದಾರಿ, ಮಳೆಗೆ ತೊಯ್ದ ಹಾಸು. ಅದಕ್ಕೆ ಕೆಲವೇ ವಾರಗಳ ಹಿಂದೆ ಕಾರು ಅಪಘಾತದಲ್ಲಿ ಅವರ ಕಾಲಿಗೆ ಪೆಟ್ಟು ಬಿದ್ದಿತ್ತು. ಆದರೂ ಗಡಿಯಾರ ನಿಂತದ್ದು 14.35 ಸೆಕೆಂಡಿಗೆ, ಕೊನೆಯ ನೂರು ಮೀಟರಿಗೆ ಹಿಡಿದ ಸಮಯ ಬರೀ 8.70. ಕಂಬಳದ ಮಾತು ಬಂದಾಗಲೆಲ್ಲ ಬೋಲ್ಟ್ ಹೆಸರು ಎತ್ತುವ ನಾವು ಈ ಓಟವನ್ನು ನೆನೆಯುವುದು ಅಪರೂಪ. ನೆನೆಯಬೇಕಾದ್ದು ಇದನ್ನೇ. ಕಂಬಳದ ಕರೆಯಂತೆ, ಅಂದರೆ ಕೋಣಗಳು ಓಡುವ ಕೆಸರಿನ ದಾರಿಯಂತೆ, ಇದೂ ನೇರ, ಉದ್ದದಲ್ಲೂ ಹೆಚ್ಚುಕಡಿಮೆ ಅಷ್ಟೇ. ಕೊನೆಯ ಏಳೂವರೆ ಮೀಟರನ್ನು ಅದೇ ವೇಗದ ಲೆಕ್ಕದಲ್ಲಿ ಕಳೆದರೆ ಬೋಲ್ಟ್ 142.5 ಮೀಟರಿನ ಗುರುತು ದಾಟಿದ್ದು ಸುಮಾರು 13.70 ಸೆಕೆಂಡಿಗೆ. 2020ರ ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರ ಓಟಕ್ಕೆ ದಾಖಲಾದದ್ದು 142.5 ಮೀಟರಿಗೆ 13.62. ಗಾಯದಿಂದ ಎದ್ದು ಬಂದು ಮಳೆಯಲ್ಲಿ ಓಡಿದ ಬೋಲ್ಟ್ ಎದುರು ನಮ್ಮವರು ಕೂದಲೆಳೆಯಷ್ಟು ಮುಂದೆ! ಕಾಕತಾಳೀಯ ಎಂದು ಗೊತ್ತಿದ್ದೂ ಮತ್ತೆ ಮತ್ತೆ ನೋಡಬೇಕೆನಿಸುವ ಅಂಕಿ ಇದು.

ಮುಂದೇನಾಯಿತು ಎಂಬುದು ಎಲ್ಲರಿಗೂ ತಿಳಿದದ್ದೇ. ಯಾರೋ ತ್ರೈರಾಶಿ ಹಾಕಿದರು: 142.5 ಮೀಟರಿಗೆ 13.62 ಆದರೆ ನೂರಕ್ಕೆ ಎಷ್ಟು? ಉತ್ತರ 9.55. ಬರ್ಲಿನ್‌ನಲ್ಲಿ ಬೋಲ್ಟ್ ಬರೆದ ವಿಶ್ವದಾಖಲೆ 9.58. ಅಲ್ಲಿಂದ ಆನಂದ್ ಮಹೀಂದ್ರಾ, ಶಶಿ ತರೂರ್ ಟ್ವೀಟುಗಳು, ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರಿಂದ ಟ್ರಯಲ್ಸ್‌ಗೆ ಕರೆ, ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ ಅವರಿಂದ 3 ಲಕ್ಷ ರೂಪಾಯಿ. ಎರಡು ವಾರ ಕಳೆಯುವಷ್ಟರಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರಿಗೆ 13.61 ತೆಗೆದರು, ತ್ರೈರಾಶಿ ಈ ಸಲ 9.51 ಎಂದಿತು. ನೂರು ಮೀಟರ್ ಓಟದಲ್ಲಿ ಅಂದು ಭಾರತದ ರಾಷ್ಟ್ರೀಯ ದಾಖಲೆ 10.26, 2016ರಲ್ಲಿ ಅಮಿಯ ಕುಮಾರ್ ಮಲ್ಲಿಕ್ ಬರೆದದ್ದು. ದೇಶದಲ್ಲಿ ಒಬ್ಬರೂ ಹತ್ತು ಸೆಕೆಂಡಿನೊಳಗೆ ಬಾರದಿರುವಾಗ ಎರಡು ತಾಲ್ಲೂಕುಗಳ ಅಂತರದಲ್ಲಿ ಇಬ್ಬರು ವಿಶ್ವದಾಖಲೆ ಮುರಿದುಬಿಟ್ಟರು ಎಂದರೆ, ಸಂಭ್ರಮಕ್ಕಿಂತ ಮೊದಲು ಅನುಮಾನ ಬರಬೇಕಿತ್ತು. ಓಡಿದವರ ಮೇಲಲ್ಲ, ಲೆಕ್ಕದ ಮೇಲೆ.

ನೂರು ಮೀಟರ್ ಓಟ ನಿಂತ ನೆಲದಿಂದ ಶುರುವಾಗುತ್ತದೆ. ಬರ್ಲಿನ್‌ನಲ್ಲಿ ಬೋಲ್ಟ್‌ಗೆ ಮೊದಲ 20 ಮೀಟರಿಗೇ 2.89 ಸೆಕೆಂಡು ಹಿಡಿಯಿತು. 60ರಿಂದ 80ನೇ ಮೀಟರಿನವರೆಗೆ ಬರೀ 1.61. ದೂರ ಹೆಚ್ಚಿದಂತೆ ಆರಂಭದ ಈ ನಿಧಾನ ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣಿಸುತ್ತದೆ. ಬರ್ಲಿನ್ ಓಟವನ್ನೇ 142.5 ಮೀಟರಿಗೆ ಹಿಗ್ಗಿಸಿ, ದಣಿವಿಗೆಂದು ವೇಗವನ್ನು ಕೊಂಚ ಇಳಿಸಿದರೂ 13.2ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅದೇ ತ್ರೈರಾಶಿಯನ್ನು ಅದಕ್ಕೂ ಹಾಕಿ: ಬೋಲ್ಟ್ ಅವರ ನೂರು ಮೀಟರ್ 9.26 ಆಗುತ್ತದೆ. ನಮ್ಮ ಅಳತೆಗೋಲನ್ನು ಅವರಿಗೂ ಹಿಡಿದರೆ ದಾಖಲೆ ಅವರ ಬಳಿಯೇ ಉಳಿಯಿತು, ಅದೂ ಮೂರು ಮೀಟರಿನಷ್ಟು ಅಂತರದಲ್ಲಿ. ಇಷ್ಟಕ್ಕೇ ವಾದ ಮುಗಿಯುತ್ತದೆ ಅಂದುಕೊಂಡರೆ, ಮರುವರ್ಷ ಇನ್ನೊಂದು ಅಂಕಿ ಬಂತು. 2021ರಲ್ಲಿ ಶ್ರೀನಿವಾಸ ಗೌಡರದ್ದೇ ಓಟ, 125 ಮೀಟರಿಗೆ 11.21, ನೂರಕ್ಕೆ 8.96 ಎಂದು ಪತ್ರಿಕೆಗಳು ಬರೆದವು. ಈ ಸಲ ಮೇಲಿನ ತಿದ್ದುಪಡಿಯೂ ಸಾಲದು. ಬರ್ಲಿನ್‌ನ ಬೋಲ್ಟ್ 125 ಮೀಟರ್ ಮುಟ್ಟಲು 11.6ಕ್ಕಿಂತ ಹೆಚ್ಚು ಬೇಕು. ದೂರ ಕಡಿಮೆಯಾದಾಗ ಸರಾಸರಿ ವೇಗ ಇಳಿಯಬೇಕಾದಲ್ಲಿ ಏರಿದೆ. ಮನುಷ್ಯನ ಓಟವೆಂದು ಇದನ್ನು ಒಪ್ಪುವುದಾದರೆ ಮನುಷ್ಯನ ದೇಹದ ಬಗ್ಗೆ ಈವರೆಗೆ ತಿಳಿದಿರುವುದನ್ನೆಲ್ಲ ಹೊಸದಾಗಿ ಬರೆಯಬೇಕು. ಅಷ್ಟು ದೂರ ಹೋಗುವ ಅಗತ್ಯವಿಲ್ಲ, ಉತ್ತರ ಓಟಗಾರನ ಕೈಯಲ್ಲೇ ಇದೆ: ಹಗ್ಗದ ತುದಿ.

ಹಗ್ಗದ ಇನ್ನೊಂದು ತುದಿಯಲ್ಲಿರುವುದು ನೊಗ ಕಟ್ಟಿದ ಎರಡು ಕೋಣ. ಓಟ ಶುರುವಾಗುವ ಗಂತಿನಲ್ಲಿ ನಾಲ್ಕಾರು ಜನ ಸೇರಿ ಹಿಡಿದು ನಿಲ್ಲಿಸಿದ ಜೋಡಿಯನ್ನು ಬಿಟ್ಟ ಕ್ಷಣದಿಂದ ಓಟ ಮುಗಿಯುವ ಮಂಜೊಟ್ಟಿಯವರೆಗೆ ಮುಂದಕ್ಕೆ ಎಳೆಯುವ ಬಲ ಅವುಗಳದ್ದು. ಸ್ಪ್ರಿಂಟ್ ತರಬೇತುದಾರರಿಗೆ ಇದು ಹೊಸದಲ್ಲ. ಓಟಗಾರನ ಸೊಂಟಕ್ಕೆ ಹಗ್ಗ ಕಟ್ಟಿ ಮುಂದಿನಿಂದ ಎಳೆದು, ಅವನ ಸ್ವಂತ ಗರಿಷ್ಠ ವೇಗವನ್ನು ಮೀರಿ ಓಡಿಸುವ ಅಭ್ಯಾಸ ಎಷ್ಟೋ ವರ್ಷಗಳಿಂದ ಇದೆ. ಹೆಜ್ಜೆ ಉದ್ದವಾಗುತ್ತದೆ, ವೇಗ ಏರುತ್ತದೆ, ಆದರೆ ಆ ಸಮಯವನ್ನು ಯಾರೂ ದಾಖಲೆ ಪುಸ್ತಕಕ್ಕೆ ಸೇರಿಸುವುದಿಲ್ಲ. ಅಥ್ಲೆಟಿಕ್ಸ್ ಈ ವಿಷಯದಲ್ಲಿ ಎಷ್ಟು ಜಿಪುಣ ಎಂದರೆ, ಬೆನ್ನ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೂ ದಾಖಲೆ ಲೆಕ್ಕಕ್ಕಿಲ್ಲ. 2011ರಲ್ಲಿ ಜಪಾನಿನ ಟಿವಿ ಕಾರ್ಯಕ್ರಮವೊಂದಕ್ಕಾಗಿ ಭಾರೀ ಫ್ಯಾನುಗಳ ಗಾಳಿಯನ್ನು ಬೆನ್ನಿಗೆ ಹಾಯಿಸಿಕೊಂಡು ಜಸ್ಟಿನ್ ಗ್ಯಾಟ್ಲಿನ್ 9.45ಕ್ಕೆ ಓಡಿದರು. ಗ್ಯಾಟ್ಲಿನ್ ಬೋಲ್ಟ್‌ಗಿಂತ ವೇಗಿ ಎಂದು ಯಾರೂ ಹೇಳಲಿಲ್ಲ, ಸ್ವತಃ ಗ್ಯಾಟ್ಲಿನ್ ಕೂಡ. ಗಾಳಿಗೇ ಇಷ್ಟು ಕಟ್ಟುನಿಟ್ಟಾದರೆ ಜೋಡಿ ಕೋಣಕ್ಕೆ ಎಷ್ಟಿರಬೇಕು?

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕವುಳ್ಳದ್ದು. ಬೋಲ್ಟ್ ಓಡಿದ್ದು ಮುಳ್ಳು ಬೂಟು ತೊಟ್ಟು ಸಿಂಥೆಟಿಕ್ ಹಾಸಿನ ಮೇಲೆ. ಇಲ್ಲಿ ಬರಿಗಾಲು, ಕೆಸರು, ನೀರು. ಕಾಲು ಹೂತು ಹೋಗುವ ನೆಲದಲ್ಲಿ ಅಷ್ಟು ವೇಗ ಬಂದರೆ ಗಟ್ಟಿ ನೆಲದಲ್ಲಿ ಇನ್ನೆಷ್ಟು ಬರಬೇಡ ಎಂಬ ವಾದ ಕೇಳಲು ಸರಿಯೆನಿಸುತ್ತದೆ. ಆದರೆ ಅದು ಕೂಡುವುದನ್ನು ಮಾತ್ರ ಕೂಡಿ, ಕಳೆಯುವುದನ್ನು ಬಿಡುತ್ತದೆ. ಕೆಸರು ಕಸಿದುಕೊಳ್ಳುವುದನ್ನು ಕೋಣ ತುಂಬಿಕೊಡುತ್ತದೆ, ತುಂಬಿ ಹೆಚ್ಚಾಗಿಯೂ ಕೊಡುತ್ತದೆ. ಗಟ್ಟಿ ನೆಲಕ್ಕೆ ಬಂದರೆ ಕೆಸರಿನೊಂದಿಗೆ ಕೋಣವೂ ಹೋಗುತ್ತದೆ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಶ್ರೀನಿವಾಸ ಗೌಡರೇ. ಗೆಲುವಿನ ಶ್ರೇಯ ತನ್ನ ಕೋಣಗಳಿಗೂ ಸಲ್ಲಬೇಕೆಂದರು. ಕಂಬಳದಲ್ಲಿ ಹಿಮ್ಮಡಿಯ ಕೆಲಸ ಹೆಚ್ಚು, ಟ್ರ್ಯಾಕಿನಲ್ಲಿ ಕಾಲ್ಬೆರಳಿನದು, ಒಂದರಲ್ಲಿ ಗೆದ್ದವನು ಇನ್ನೊಂದರಲ್ಲಿ ಗೆಲ್ಲಬೇಕೆಂದಿಲ್ಲ ಎಂದು ಹೇಳಿ ಟ್ರಯಲ್ಸ್ ಬೇಡವೆಂದರು. ಇಡೀ ಗದ್ದಲದಲ್ಲಿ ತಾಂತ್ರಿಕವಾಗಿ ಸರಿಯಾದ ಮಾತು ಆಡಿದವರು ಅವರೊಬ್ಬರೇ ಇರಬೇಕು.

ಹೆದರಿ ಹಿಂದೆ ಸರಿದರು ಎಂದು ಈ ನಿರಾಕರಣೆಯನ್ನು ಓದಿದವರೂ ಇದ್ದಾರೆ, ಹಳ್ಳಿಯ ಹುಡುಗನ ಅವಕಾಶ ಕೈತಪ್ಪಿತು ಎಂದು ಮರುಗಿದವರೂ ಇದ್ದಾರೆ. ಎರಡೂ ತಪ್ಪು. ಅದಕ್ಕೆ ಆರು ತಿಂಗಳ ಹಿಂದಷ್ಟೇ, 2019ರ ಆಗಸ್ಟ್‌ನಲ್ಲಿ, ಬರಿಗಾಲಲ್ಲಿ ರಸ್ತೆಯ ಮೇಲೆ 11 ಸೆಕೆಂಡಿಗೆ ನೂರು ಮೀಟರ್ ಓಡಿದನೆಂದು ಮಧ್ಯಪ್ರದೇಶದ ಯುವಕನೊಬ್ಬನ ವಿಡಿಯೊ ದೇಶ ಸುತ್ತಿತ್ತು. ಭೋಪಾಲಿನಲ್ಲಿ ಅವನಿಗೆ ಬೂಟು ತೊಡಿಸಿ, ಕ್ಯಾಮೆರಾಗಳ ಮುಂದೆ ನಿಲ್ಲಿಸಿ ಓಡಿಸಿದರು. ಹೆಚ್ಚುಕಡಿಮೆ 13 ಸೆಕೆಂಡು ಹಿಡಿಯಿತು, ಬಂದದ್ದು ಕೊನೆಗೆ. ಮರುದಿನದಿಂದ ಅವನ ಹೆಸರು ಯಾರಿಗೂ ಬೇಡವಾಯಿತು. ಕಂಬಳದ ಓಟಗಾರನಿಗೂ ಅದೇ ಗತಿ ಕಾದಿತ್ತು. ಇನ್ನೊಂದು ಕಡೆ ನೋಡಿ: 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ ಮಲ್ಲಿಕ್ ದಾಖಲೆಯನ್ನು ಮುರಿದು 10.23ಕ್ಕೆ ನೂರು ಮೀಟರ್ ಓಡಿದವರು ಮಣಿಕಂಠ ಹೋಬಳಿದಾರ್, ಆಗ ಸರ್ವಿಸಸ್ ತಂಡಕ್ಕೆ ಓಡುತ್ತಿದ್ದ ಕನ್ನಡಿಗ. ಕೋಣವಿಲ್ಲದೆ, ಗಾಳಿಯ ಹಂಗಿಲ್ಲದೆ, ಅಂದಿಗೆ ದೇಶದ ಅತಿ ವೇಗದ ಮನುಷ್ಯ. ಆ ದಾಖಲೆಯನ್ನು ಆಮೇಲೆ ಬೇರೆಯವರು ದಾಟಿದ್ದಾರೆ, ಅದು ಆಟದ ಧರ್ಮ. ಆದರೆ ‘ಭಾರತದ ಬೋಲ್ಟ್’ ಯಾರೆಂದು ಕೇಳಿದರೆ ಇವತ್ತಿಗೂ ಕೈಗಳು ಯಾವ ಕಡೆ ತೋರುತ್ತವೆ ಎಂಬುದು ಹೇಳಬೇಕಾದ್ದಿಲ್ಲ.

ಹಾಗಾದರೆ ಕಂಬಳದವರ ಹೆಸರು ಹುಸಿಯೇ? ಖಂಡಿತ ಅಲ್ಲ, ನನ್ನ ತಕರಾರು ಅದಕ್ಕೆ ತದ್ವಿರುದ್ಧ. ಅವರಿಗೆ ಸಿಕ್ಕ ಹೆಸರು ಅವರ ವಿದ್ಯೆಗೆ ಸಿಕ್ಕದ್ದಲ್ಲ. ಜೋಡುಕರೆ ಕಂಬಳದ ಫಲಿತಾಂಶ ನೋಡಿದರೆ ಅಲ್ಲಿನ ಗೌರವದ ಕ್ರಮ ಕಾಣುತ್ತದೆ: ಮೊದಲು ಕೋಣಗಳ ಯಜಮಾನರ ಊರು-ಹೆಸರು, ಪಕ್ಕದಲ್ಲಿ ಜೋಡಿಯನ್ನು ಗುರುತಿಸುವ ಎ ಅಥವಾ ಬಿ, ಆಮೇಲೆ ಸಮಯ, ಕೊನೆಗೆ ಓಡಿಸಿದವರು. ಹಗ್ಗ ಹಿರಿಯ, ನೇಗಿಲು ಕಿರಿಯ ಎಂಬ ವಿಭಾಗಗಳಲ್ಲಿ ಹಿರಿಯ-ಕಿರಿಯ ಕೋಣಗಳೇ ಹೊರತು ಮನುಷ್ಯರಲ್ಲ. ಅಡ್ಡ ಹಲಗೆಯಲ್ಲಂತೂ ಮನುಷ್ಯ ಓಡುವುದೇ ಇಲ್ಲ, ಹಲಗೆಯ ಮೇಲೆ ನಿಂತಿರುತ್ತಾನೆ. ಇನ್ನು ಕನೆ ಹಲಗೆ. ಪ್ರಪಂಚದ ಯಾವ ಕ್ರೀಡೆಗೂ ಹೋಲಿಸಲಾಗದ ವಿಚಿತ್ರ ಅದು, ಸ್ವಲ್ಪ ಹೊತ್ತು ನಿಂತು ನೋಡತಕ್ಕದ್ದು. ತೂತು ಕೊರೆದ ಹಲಗೆಯನ್ನು ಕೋಣಗಳು ನೀರಿನಲ್ಲಿ ಎಳೆದೊಯ್ಯುತ್ತವೆ. ಅದರ ಮೇಲೆ ಒಂಟಿ ಕಾಲೂರಿ ನಿಂತವನು ಮೈಭಾರವನ್ನು ಹಲಗೆಗೆ ಒತ್ತಿದಂತೆ ತೂತಿನಿಂದ ನೀರು ಕಾರಂಜಿಯಾಗಿ ಚಿಮ್ಮುತ್ತದೆ. ಕರೆಯ ಮೇಲೆ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ನಿಶಾನೆಯ ಬಟ್ಟೆ ಒದ್ದೆಯಾದರೆ ಗೆದ್ದಂತೆ. ಫಲಿತಾಂಶದಲ್ಲಿ ಸೆಕೆಂಡುಗಳೇ ಇಲ್ಲ. ಆರೂವರೆ ಕೋಲು ಎತ್ತರದ ನಿಶಾನೆಗೆ ನೀರು ಹಾಯಿಸಿದವರು, ಏಳೂವರೆ ಕೋಲಿಗೆ ಹಾಯಿಸಿದವರು, ಅಷ್ಟೇ. ಭಾರ ಹೆಚ್ಚು ಹಾಕಿದರೆ ಕೋಣದ ವೇಗ ಕುಂದುತ್ತದೆ, ನೀರು ಏಳದು. ಕಡಿಮೆ ಹಾಕಿದರೆ ಹಲಗೆ ಮೇಲೆ ತೇಲಿ ಚಿಲುಮೆ ಚದರುತ್ತದೆ. ಕಾಲಡಿಯಲ್ಲಿ ಓಡುತ್ತಿರುವ ಹಲಗೆಯ ಮೇಲೆ, ಕಣ್ಣಿಗೆ ಕೆಸರು ರಾಚುತ್ತಿರುವಾಗ ಈ ಹದ ಹಿಡಿಯುವವನನ್ನು ಬೋಲ್ಟ್ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅದಕ್ಕೇ ಇರಬೇಕು, ಕನೆ ಹಲಗೆಯವರ ಮೇಲೆ ದೆಹಲಿಯಿಂದ ಒಂದು ಟ್ವೀಟೂ ಬರಲಿಲ್ಲ.

ಹಗ್ಗ ಮತ್ತು ನೇಗಿಲಿನ ಓಟಗಾರರ ನಿಜವಾದ ವಿದ್ಯೆಯೂ ವೇಗವಲ್ಲ, ಎಳೆತಕ್ಕೆ ಸೋಲದಿರುವುದು. ತನ್ನ ಕಾಲಿನ ಶಕ್ತಿ ಮೀರಿದ ವೇಗಕ್ಕೆ ಕಾಲನ್ನು ಹೊಂದಿಸಿಕೊಳ್ಳುತ್ತ, ಮುಗ್ಗರಿಸದೆ, ಜೋಡಿಯಲ್ಲಿ ಒಂದು ಕೋಣ ಹಿಂದೆ ಬಿದ್ದು ಇನ್ನೊಂದು ಕರೆಯ ದಂಡೆಗೆ ಒತ್ತದಂತೆ ನೋಡಿಕೊಳ್ಳುವುದು. ನೇರಕ್ಕೆ ಓಡಿಸುವುದೇ ಅರ್ಧ ಗೆಲುವು. ಇದರಲ್ಲಿ ದೇಹಬಲ ಬೇಕು, ವೇಗವೂ ಬೇಕು. ಮಾಮೂಲಿ ಓಟಗಾರನ ಕೈಗೆ ಆ ಹಗ್ಗ ಕೊಟ್ಟರೆ ಇಪ್ಪತ್ತು ಮೀಟರಿನೊಳಗೆ ಕೆಸರಿನಲ್ಲಿ ಮಕಾಡೆ ಬಿದ್ದಿರುತ್ತಾನೆ. ಬೋಲ್ಟ್ ಅವರಿಗೆ ಕೊಟ್ಟರೂ ಬಹುಶಃ ಅಷ್ಟೇ.

ಇನ್ನೊಂದು ಆಕ್ಷೇಪ ಹೆಚ್ಚು ಬಲವುಳ್ಳದ್ದು. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳಕ್ಕೆ ಕುತ್ತು ಬಂದಿತ್ತು. 2017ರಲ್ಲಿ ರಾಜ್ಯ ಕಾಯ್ದೆ ತಿದ್ದಿದ ಮೇಲೂ ಪ್ರಕರಣ ತಲೆಯ ಮೇಲೆ ತೂಗುತ್ತಿತ್ತು. ಆ ಹೊತ್ತಿಗೆ ದೇಶದ ಕಣ್ಣು ಕಂಬಳದ ಕಡೆ ತಿರುಗಿದ್ದು ಈ ಹೋಲಿಕೆಯಿಂದಲೇ. ಚಾಟಿಯೇಟು, ಹಿಂಸೆ ಎಂದಷ್ಟೇ ಕೇಳಿದ್ದವರು ಮೊದಲ ಸಲ ಓಟಗಾರನ ಮುಖ ನೋಡಿದರು. 2023ರ ಮೇ 18ರಂದು ಸಂವಿಧಾನ ಪೀಠ ತಿದ್ದುಪಡಿಯನ್ನು ಎತ್ತಿಹಿಡಿಯಿತು, ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕರೆ ತೋಡಿ ಕಂಬಳ ಮಾಡಿದರು. ಇಷ್ಟು ಒಳ್ಳೆಯದಾದ ಮೇಲೆ ಲೆಕ್ಕ ಕೊಂಚ ತಪ್ಪಾದರೇನು ಎಂಬ ವಾದವಿದೆ. ಪ್ರಚಾರದ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತೀರ್ಪು ನಿಂತದ್ದು ಕಾನೂನಿನ ಮೇಲೆ, 9.55ರ ಮೇಲಲ್ಲ. ಇನ್ನೊಂದು ಮಾತೂ ಇದೆ. ಓಟಗಾರನನ್ನು ಬೋಲ್ಟ್ ಮಾಡಿದ ಕೂಡಲೇ ಕೋಣವನ್ನು ಚಿತ್ರದಿಂದ ಅಳಿಸಿದಂತಾಯಿತು. ಆ ಪ್ರಾಣಿಗೆ ಗದ್ದೆಮನೆಗಳಲ್ಲಿ ವರ್ಷವಿಡೀ ನಡೆಯುವ ಆರೈಕೆ, ಹುರುಳಿ, ಎಣ್ಣೆ, ಈಜು ಇವನ್ನು ಹೇಳಿದ್ದರೆ ಹಿಂಸೆಯ ಆರೋಪಕ್ಕೆ ಅದೇ ಉತ್ತರದ ಒಂದು ಪಾಲಾಗುತ್ತಿತ್ತು. ಹೋಲಿಕೆ ಅದನ್ನೇ ನುಂಗಿತು.

ಓಡಿಸುವವರ ಯೋಗ್ಯತೆಯನ್ನು ಅಳೆಯುವ ದಾರಿ ಬೇರೆಯೇ ಇದೆ, ಕಷ್ಟದ್ದೂ ಅಲ್ಲ. ಒಂದೂರಿನ ಕರೆಯ ಉದ್ದ ಇನ್ನೊಂದೂರಿನದ್ದಲ್ಲ, ಕೆಸರಿನ ಆಳವೂ ಬೇರೆ. ಹಾಗಾಗಿ ಊರಿಂದೂರಿಗೆ ಸೆಕೆಂಡು ಹೋಲಿಸುವುದರಲ್ಲಿ ಅರ್ಥವಿಲ್ಲ. ಆದರೆ ಒಂದೇ ಕಂಬಳದಲ್ಲಿ ಒಬ್ಬನೇ ಓಟಗಾರ ಬೇರೆ ಬೇರೆ ಯಜಮಾನರ ಜೋಡಿಗಳನ್ನು ಓಡಿಸುತ್ತಾನೆ. ಅದೇ ಜೋಡಿ ಋತುವಿನ ನಡುವೆ ಓಡಿಸುವವರನ್ನು ಬದಲಿಸುವುದೂ ಉಂಟು. ಜೋಡಿ ಅದೇ ಇದ್ದು ಮನುಷ್ಯ ಬದಲಾದಾಗ ಸಮಯ ಎಷ್ಟು ಇಳಿಯಿತು, ಮನುಷ್ಯ ಅವನೇ ಇದ್ದು ಜೋಡಿ ಬದಲಾದಾಗ ಎಷ್ಟು ಏರಿತು ಎಂದು ನಾಲ್ಕೈದು ವರ್ಷಗಳ ಫಲಿತಾಂಶ ಕೂಡಿಸಿದರೆ ಕೋಣದ ಪಾಲೆಷ್ಟು, ಓಡಿಸಿದವನ ಪಾಲೆಷ್ಟು ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಆ ಪಟ್ಟಿಯಲ್ಲಿ ಶ್ರೀನಿವಾಸ ಗೌಡರು ಮೇಲೆಯೇ ಇರುತ್ತಾರೆ ಎಂಬುದು ನನ್ನ ಊಹೆ. ಹೆಸರೇ ಕೇಳದ ಇನ್ನಿಬ್ಬರು ಮೂವರು ಅವರಿಗೂ ಮೇಲಿದ್ದರೆ ಅಚ್ಚರಿಯಿಲ್ಲ. ಬೇಕಾದ ಸಾಮಗ್ರಿಯೆಲ್ಲ ನವೆಂಬರಿನಿಂದ ಮಾರ್ಚ್‌ವರೆಗಿನ ಸೋಮವಾರಗಳ ಮಂಗಳೂರು, ಉಡುಪಿ ಆವೃತ್ತಿಗಳಲ್ಲಿ ಅಚ್ಚಾಗಿ ಬಿದ್ದಿದೆ. ಹಳೆಯ ಪತ್ರಿಕೆಗಳನ್ನು ಹರವಿ ಕೂರುವ ತಾಳ್ಮೆಯ ಒಬ್ಬ ಅಭಿಮಾನಿ ಬೇಕಷ್ಟೇ. ತ್ರೈರಾಶಿಗಿಂತ ಮುಂದಿನ ಗಣಿತ ಬಂದರೆ ಇನ್ನೂ ಒಳ್ಳೆಯದು.