ಫೋನು ಕೊಟ್ಟ ಸುಳಿವು ಯಾರ ಕೈಗೆ?

ಸ್ಕಿಜೋಫ್ರೇನಿಯಾ ಇರುವವರ ಮನೆಗಳಲ್ಲಿ ಕಾಯಿಲೆ ಮರುಕಳಿಸುವ ಲಕ್ಷಣ ಎಷ್ಟೋ ಸಲ ರಾತ್ರಿ ಹೊತ್ತೇ ಕಾಣಿಸಿಕೊಳ್ಳುತ್ತದೆ. ಮಗನ ಕೋಣೆಯ ದೀಪ ಆರುವುದಿಲ್ಲ. ನಾಲ್ಕು ದಿನ ಕಳೆಯುವಷ್ಟರಲ್ಲಿ ಮಾತು ಕಡಿಮೆಯಾಗುತ್ತದೆ, ಸ್ನಾನ ತಪ್ಪುತ್ತದೆ, ಅಂಗಡಿ ಕಡೆಗೆ ಹೋಗುವುದೂ ನಿಲ್ಲುತ್ತದೆ. ತಾಯಿಗೆ ಎಲ್ಲವೂ ಗೊತ್ತಾಗುತ್ತದೆ. ಆದರೆ ಡಾಕ್ಟರು ಮತ್ತೆ ಬರಹೇಳಿರುವುದು ಎರಡು ತಿಂಗಳು ಬಿಟ್ಟು. ಅಷ್ಟರಲ್ಲಿ ಆಸ್ಪತ್ರೆಗೆ ದಾಖಲಿಸದೆ ವಿಧಿಯಿಲ್ಲ ಎಂಬ ಸ್ಥಿತಿ ಬಂದಿರುತ್ತದೆ.

ಈ ನಡುವಿನ ದಿನಗಳಲ್ಲೇ ಕಾಯಿಲೆಯ ಸುಳಿವು ಹಿಡಿಯಲು ಹೊರಟ ಸಂಶೋಧನೆಯೊಂದರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಪಾಲ್ಗೊಂಡಿತ್ತು. ಬಾಸ್ಟನ್ ಮತ್ತು ಭೋಪಾಲ್ ಉಳಿದ ಎರಡು ಕೇಂದ್ರಗಳು. ಬಾಸ್ಟನ್ನಿನ ಮನೋವೈದ್ಯ ಜಾನ್ ಟೋರಸ್ ಅವರ ತಂಡ ರೂಪಿಸಿದ ‘ಮೈಂಡ್‌ಲ್ಯಾಂಪ್’ ಆ್ಯಪನ್ನು, ಒಪ್ಪಿಗೆ ಪಡೆದು, ಭಾಗವಹಿಸಿದವರ ಫೋನಿಗೆ ಹಾಕಲಾಯಿತು. ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂದು ಅದು ಆಗಾಗ ಕೇಳುತ್ತದೆ. ಉತ್ತರ ಬಾರದಿದ್ದರೂ ಫೋನಿನ ಚಲನೆ, ಸ್ಕ್ರೀನ್ ಬೆಳಗಿದ ಹೊತ್ತು, ಮನೆಯಿಂದ ಹೊರಗೆ ಹೋದ ದೂರ ತಾವಾಗಿಯೇ ದಾಖಲಾಗುತ್ತವೆ. ಈ ದಾಖಲೆಯಿಂದ ಪ್ರತಿಯೊಬ್ಬರ ಮಾಮೂಲಿ ದಿನಚರಿ ತಿಳಿಯುತ್ತದೆ. ಅದು ತಪ್ಪಿದ ದಿನವನ್ನು ಗಣಕ ಗುರುತು ಹಾಕಿಕೊಳ್ಳುತ್ತದೆ.

2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಾಯಿಲೆ ಮರುಕಳಿಸುವ ಹಿಂದಿನ ತಿಂಗಳಲ್ಲಿ ಇಂಥ ಏರುಪೇರುಗಳು ಎರಡು ಪಟ್ಟಿಗಿಂತ ಹೆಚ್ಚಿದ್ದವು. ಅಧ್ಯಯನ ಚಿಕ್ಕದು, ನಡೆದದ್ದು ಕೋವಿಡ್ ಕಾಲದಲ್ಲಿ. ಇದನ್ನೇ ನಂಬಿ ಯಾರಿಗೂ ಭವಿಷ್ಯ ಹೇಳಲಾಗದು. ಆದರೂ ತಾಯಿ ಕಣ್ಣಾರೆ ಕಂಡದ್ದಕ್ಕೆ ಅಳತೆಯ ಬೆಂಬಲ ಸಿಗಬಹುದು ಎಂಬ ಭರವಸೆಯನ್ನು ಅದು ಮೂಡಿಸಿದೆ.

ಮೂವತ್ತನೇ ದಿನದ ಲೆಕ್ಕ

ಭರವಸೆಯ ಜೊತೆಗೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಮಾನಸಿಕ ಆರೋಗ್ಯದ 93 ಆ್ಯಪ್‌ಗಳ ಬಳಕೆಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮೂವತ್ತನೇ ದಿನಕ್ಕೆ ಆ್ಯಪ್ ತೆರೆಯುವವರ ಮಧ್ಯಾಂಕ ಪ್ರಮಾಣ ಶೇ 3.3 ಮಾತ್ರ ಎಂದು ಕಂಡುಕೊಂಡಿತು. ಕುಗ್ಗಿದ ಮನಸ್ಸು ಮೊದಲು ಕಳೆದುಕೊಳ್ಳುವುದೇ ಉತ್ಸಾಹವನ್ನು. ಅದನ್ನೇ ಬಂಡವಾಳವೆಂದು ನಂಬಿದ ಆ್ಯಪ್ ಬಾಳುವುದು ಹೇಗೆ? ವಾರಕ್ಕೊಮ್ಮೆಯಾದರೂ ವಿಚಾರಿಸುವ ಆಪ್ತಸಮಾಲೋಚಕರು ಜೊತೆಗಿದ್ದರೆ ಜನ ಹೆಚ್ಚು ದಿನ ಮುಂದುವರಿಯುತ್ತಾರೆ, ಗುಣವೂ ಹೆಚ್ಚು ಎಂಬುದನ್ನು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ.

ಗೋಪ್ಯತೆಯ ಪ್ರಶ್ನೆಯೂ ಸಣ್ಣದಲ್ಲ. ಗ್ರಾಹಕರ ಮಾಹಿತಿಯನ್ನು ಜಾಹೀರಾತಿಗಾಗಿ ಹಂಚಿಕೊಂಡ ಆರೋಪದ ಮೇಲೆ ಅಮೆರಿಕದ ‘ಬೆಟರ್‌ಹೆಲ್ಪ್’ ಕಂಪನಿ 2023ರಲ್ಲಿ 78 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದೇ ಹೇಳುತ್ತದೆ. ಇಡೀ ಮನೆಗೆ ಒಂದೇ ಫೋನು ಇರುವಲ್ಲಿ ಆ ಹಕ್ಕನ್ನು ಕಾಪಾಡುವುದು ಇನ್ನೂ ಕಷ್ಟ.

ಇದ್ದ ದಾರಿಗೇ ಜೋಡಿಸಲಿ

ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ 10.6ರಷ್ಟು ವಯಸ್ಕರಲ್ಲಿ ಮಾನಸಿಕ ಸಮಸ್ಯೆ ಕಂಡುಬಂದಿತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಈ ಕಂದಕದ ಮೇಲೆ ಸೇತುವೆ ಕಟ್ಟುವ ಯತ್ನಗಳಲ್ಲಿ ‘ಟೆಲಿ ಮಾನಸ್’ ಒಂದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ತಂತ್ರಜ್ಞಾನದ ಹೊಣೆ ಬೆಂಗಳೂರಿನ ಐಐಐಟಿಯದು. 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇಲ್ಲಿ ತಂತ್ರಜ್ಞಾನದ ಕೆಲಸ ಸರಳ: ಕಷ್ಟದಲ್ಲಿರುವವರನ್ನು ಕೇಳಿಸಿಕೊಳ್ಳುವವರ ಬಳಿಗೆ ತಲುಪಿಸುವುದು.

ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಮಾನಸಿಕ ಕಾಯಿಲೆಗಳ ಬಗ್ಗೆ ತರಬೇತಿ ಕೊಟ್ಟರು. ಆ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆಗ ಆ್ಯಪ್ ಇರಲಿಲ್ಲ, ಊರೂರಿನ ನರ್ಸು, ಆರೋಗ್ಯ ಕಾರ್ಯಕರ್ತರೇ ಆಧಾರ.

ಫೋನಿನ ಸುಳಿವು ಈಗ ಅವರನ್ನೇ ತಲುಪಬೇಕು. ನಿದ್ದೆಗೆಟ್ಟ ಮೂರನೇ ರಾತ್ರಿಯ ಮರುದಿನ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಯಬೇಕು, ಆಕೆ ಮನೆಗೆ ಹೋಗಿ ವಿಚಾರಿಸಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಸಿಗಬೇಕು. ಆಕೆಯ ಈ ಕೆಲಸಕ್ಕೆ ತರಬೇತಿ, ಸಮಯ, ಸಂಭಾವನೆ ಮೂರೂ ಬೇಕು. ಹೊಸ ಆ್ಯಪ್‌ಗೆ ಹಣ ಕೊಡುವ ಸರ್ಕಾರ ಅದೇ ಕಡತದಲ್ಲಿ ಇದಕ್ಕೂ ಹಣ ಬರೆಯಬೇಕು. ಎಷ್ಟು ಮಂದಿ ಡೌನ್‌ಲೋಡ್ ಮಾಡಿಕೊಂಡರು ಎಂಬ ಪ್ರಶ್ನೆಗೆ ಮುಂಚೆ, ಎಷ್ಟು ಮಂದಿ ಮತ್ತೆ ಆಸ್ಪತ್ರೆ ಸೇರುವುದು ತಪ್ಪಿತು ಎಂದು ಕೇಳಬೇಕು.